ಬೋರ್ಡಿಗೆ ಹೂ ಕೇಳಿದ್ದು

ಎರಡು ಮದರ್‌ಬೋರ್ಡುಗಳನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಬಾಳೆಹಣ್ಣು, ವೀಳ್ಯದೆಲೆ ಜೋಡಿಸಿ ದೇವರ ಮುಂದೆ ತಂದಿಡುತ್ತಾರೆಂದು ಬಿಂದುಶ್ರೀ ಕನಸಿನಲ್ಲೂ ಎಣಿಸಿರಲಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿ. ತಿ. ನರಸೀಪುರದ ಆ ಟ್ರಸ್ಟಿನಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಸೇರಿ ಅವಳಿಗೆ ಎರಡು ವರ್ಷವಾಗಿತ್ತು. ಇದ್ದ ಮಷೀನುಗಳೆಲ್ಲ ಗುಜರಿ. ಈಗ ಹನ್ನೆರಡು ಹೊಸವು ಬರುತ್ತವೆ, ಜೂನಿನಿಂದ ಮನೆ ನಕ್ಷೆ ಬರೆಯುವ ತರಗತಿ ಶುರು ಎಂದು ಹನ್ನೆರಡು ಹುಡುಗಿಯರಿಗೆ ಮಾತು ಕೊಟ್ಟಿದ್ದಳು. ನಕ್ಷೆ ಬರೆಯಲು ಬಂದರೆ ಮೈಸೂರಿನ ಇಂಜಿನಿಯರುಗಳ ಆಫೀಸಿನಲ್ಲಿ ಕೂತು ಮಾಡುವ ಕೆಲಸ, ಬರದಿದ್ದರೆ ಬೆಳಗಾಗೆದ್ದು ನಂಜನಗೂಡಿನ ಫ್ಯಾಕ್ಟರಿ ಬಸ್ಸು.

ಯಾವ ಬೋರ್ಡು ವಾಸಿ, ನೋಡಿ ಹೇಳಿ ಎಂದು ಅಧ್ಯಕ್ಷ ನಂಜುಂಡೇಶರೇ ಎರಡು ಬೋರ್ಡು ತರಿಸಿಕೊಟ್ಟಿದ್ದರು. ಅವಳು ಒಂದು ವಾರ ಊಟ ತಿಂಡಿ ಬಿಟ್ಟು ಪರೀಕ್ಷೆ ಮಾಡಿದಳು. ಎರಡರಲ್ಲೂ ಚಿತ್ರ ತೋರಿಸುವ ಚಿಪ್ಪು ಬೋರ್ಡಿಗೇ ಬೆಸೆದದ್ದು, ಎರಡೂ ಬಡವರ ಬೋರ್ಡುಗಳೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಮೂರು ಕೋಣೆಯ ಮನೆಯನ್ನು ಪರದೆಯ ಮೇಲೆ ನಿಧಾನಕ್ಕಾದರೂ ತಿರುಗಿಸಿ ತೋರಿಸಿತು. ಮುಂದೆ ಬೇಕಾದರೆ ಬೇರೆ ಗ್ರಾಫಿಕ್ಸ್ ಕಾರ್ಡು ಸಿಕ್ಕಿಸಲು ಅದರಲ್ಲಿ ಸ್ಲಾಟೂ ಇತ್ತು. ಎರಡನೆಯದು ಇರುವ ಮೆಮೊರಿಯಲ್ಲಿ ಕಾಲುಭಾಗ ತಾನೇ ನುಂಗಿ, ಎರಡನೇ ಗೋಡೆ ಎಳೆಯುವಷ್ಟರಲ್ಲಿ ಕೊರಡಿನಂತೆ ನಿಂತುಬಿಟ್ಟಿತು. ಸ್ಲಾಟು ಕೇಳಲೇಬೇಡಿ. ಅದೇ ದರಿದ್ರ ಬೋರ್ಡುಗಳು ಅಧ್ಯಕ್ಷರ ಭಾಮೈದನ ನಂಜನಗೂಡಿನ ಅಂಗಡಿಯಲ್ಲಿ ಮಾರಾಟವಾಗದೆ ಒಂದು ವರ್ಷದಿಂದ ಕೊಳೆಯುತ್ತಿದ್ದವೆಂಬುದು ಟ್ರಸ್ಟಿನ ಬೆಕ್ಕಿಗೂ ಗೊತ್ತಿತ್ತು.

ಅವಳು ಹೇಳಿದ್ದನ್ನೆಲ್ಲ ನಂಜುಂಡೇಶ್ ಕೇಳಿಸಿಕೊಂಡರು. ಕೇಳಿ, ಹಣೆಯ ವಿಭೂತಿ ಸವರಿಕೊಂಡರು.

“ನೀವು ಓದ್ದೋರು ಒಂದೇಳ್ತೀರಿ, ಅಂಗಡಿಯೋರು ಒಂದೇಳ್ತಾರೆ. ನಮ್ಗ್ಯಾಕಮ್ಮ ಪಾಪ? ವೀರಭದ್ರನ್ನೇ ಕೇಳ್ಬುಡಾಣ.”

“ದೇವ್ರಿಗೆ ಮದರ್‌ಬೋರ್ಡ್ ತೋರಿಸ್ತೀರಾ ಸಾರ್?”

“ಹೆಣ್ಣು ತರೋವಾಗ್ಲೂ ಇಲ್ಲೇ ಕೇಳೋದು, ಬೋರ್‌ವೆಲ್ ಕೊರ್ಸೋವಾಗ್ಲೂ ಇಲ್ಲೇ ಕೇಳೋದು. ಇದ್ಯಾವ ಮಹಾ.”

ಹೂ ಕೇಳುವುದು ಬಿಂದುಶ್ರೀಗೆ ಹೊಸದಲ್ಲ. ಅವಳನ್ನು ಕಾಲೇಜಿಗೆ ಸೇರಿಸುವಾಗ ಅವ್ವ ಮರಿತಾಯಮ್ಮ ತಮ್ಮೂರ ಗುಡಿಯಲ್ಲಿ ಕೇಳಿ, ಬಲಗಡೆ ಹೂ ಬಿದ್ದ ಮೇಲೇ ಒಪ್ಪಿದ್ದಳು. ಕೇಳಲಿ ಬಿಡು, ಸುಳ್ಳಿಗೆ ದೇವರು ಹೂ ಕೊಡುತ್ತಾನೆಯೇ ಎಂದುಕೊಂಡು ಅವಳೂ ಕೈಮುಗಿದು ನಿಂತಳು.

ಟ್ರಸ್ಟಿನ ಅಂಗಳದಲ್ಲೇ ಇದ್ದ ವೀರಭದ್ರನ ಗುಡಿಯಲ್ಲಿ ಪೂಜಾರಿ ಕಲ್ಲಯ್ಯ ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿದರು. ಮೊದಲನೇ ಬೋರ್ಡು ಆಗುವುದಾದರೆ ಬಲಗಡೆ ಕೊಡು, ಎರಡನೆಯದಾದರೆ ಎಡಗಡೆ ಕೊಡು ಎಂದು ಬೇಡಿಕೊಂಡರು. ಮಂಗಳಾರತಿ ಎತ್ತುವ ಮೊದಲೇ ಬಲಗಡೆಯ ಹೂ ಪಟ್ಟನೆ ಬಿತ್ತು. ಬಿಂದುಶ್ರೀಯ ಕಣ್ಣು ತುಂಬಿ ಬಂತು.

“ನನ್ ಮನ್ಸು ಎಲ್ಲೋ ಇತ್ತು ಕಲ್ಲಯ್ಯ. ಇನ್ನೊಂದ್ಸಲ ಕೇಳು,” ಎಂದರು ನಂಜುಂಡೇಶ್.

ಇನ್ನೊಂದು ಸಲವೂ ಬಲಗಡೆಯೇ.

“ಮೂರ್ಸಲ ಕೇಳೋದು ಪದ್ಧತಿ,” ಎಂದರು.

ಎಲ್ಲಿಯ ಪದ್ಧತಿ? ಇವರ ಮಗನ ಮದುವೆಗೆ ಒಂದೇ ಹೂವಿಗೆ ಛತ್ರ ಗೊತ್ತುಮಾಡಿದವರು ಇವರೇ. ಮೂರನೇ ಸಲ ಕಲ್ಲಯ್ಯ ಬಲಗಡೆಯ ಹೂವನ್ನು ಗಂಧ ಹಚ್ಚಿ ಹೆಬ್ಬೆರಳಲ್ಲಿ ಒತ್ತಿದರು. ಎಡಗಡೆಯದನ್ನು ಅಂಚಿನಲ್ಲಿ ಹಾಗೇ ತೇಲಿಸಿ ಇಟ್ಟರು. ಗಂಟೆ ಬಾರಿಸಿದ ಅದುರಿಗೇ ಅದು ಜಾರಿತು. ನಂಜುಂಡೇಶ್ ಅದನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಬಿಂದುಶ್ರೀ ಕೇಳಿದ್ದಳು, ಕಣ್ಣಾರೆ ಕಂಡದ್ದು ಅಂದೇ. ಥೂ, ಎಂಥ ಜನ. ಕೊಟ್ಟ ತೀರ್ಥವನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡಳು. ಹೊರಗೆ ಬಂದು ಬೇಲಿಯ ಬುಡದಲ್ಲಿ ಉಗಿದಳು.

ಫೈಲಿಗೆ ಹೋಲಿಕೆ ಪಟ್ಟಿ ಬೇಕಿತ್ತು. ಅವಳು ಆಫೀಸಿನಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆಯೇ ಬರೆದಳು. ಎರಡನೇ ಬೋರ್ಡು ಕೊಂಡರೆ ನಕ್ಷೆ ತರಗತಿ ನಡೆಸಲು ಆಗುವುದಿಲ್ಲ ಎಂದು ಕೊನೆಯಲ್ಲಿ ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದಳು. ಹರಿದು ಹಾಕುತ್ತಾರೆ, ಬೈಯುತ್ತಾರೆ, ಆಗ ಜಗಳವಾಡೋಣ ಎಂದು ಸೆರಗು ಬಿಗಿದು ನಿಂತಳು. ನಂಜುಂಡೇಶ್ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ, ನೀಟಾಗಿ ರುಜು ಹಾಕಿದರು.

“ನಿಜ್ವಾಗ್ಲೂ ಚೆನ್ನಾಗ್ ಬರ್ದಿದ್ದೀರಿ ಮೇಡಂ. ಫೈಲ್ಗಾಕಿ. ಹುಡ್ಗೀರ್ಗೆ ಟೈಪಿಂಗ್ ಕಲ್ಸಿ, ಸಾಕು.”

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮೆಚ್ಚುಗೆ ಮಾತ್ರ ಮೈಮೇಲೆ ಹಲ್ಲಿ ಬಿದ್ದಂತಾಯಿತು.

ಅಷ್ಟರಲ್ಲಿ ಸೋಸಲೆಯ ನಯನ ಬಾಗಿಲಲ್ಲಿ ಬಂದು ನಿಂತಳು. ನಕ್ಷೆಯ ತರಗತಿಗೆ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವಳು. ಸಿಟ್ಟಿಲ್ಲ, ಅಳುವಿಲ್ಲ.

“ಮೇಡಂ, ನಾವು ನಕ್ಸೆ ಕಲಿಯೋದು ದೇವ್ರಿಗೇ ಬ್ಯಾಡ್ವಂತೆ. ಕಲ್ಲಯ್ಯೋರು ಯೇಳುದ್ರು. ನನ್ ಯೆಸ್ರು ಒಡ್ದಾಕ್ಬುಡಿ. ಸ್ವಾಮಾರದಿಂದ ಪ್ಯಾಕ್ಟ್ರಿಗೋಯ್ತೀನಿ.”

ಬೋರ್ಡು ಹೋದರೆ ಹಾಳಾಗಿ ಹೋಗಲಿ. ಈ ಹುಡುಗಿ ಇದನ್ನು ದೇವರ ಮಾತೆಂದು ನಂಬಿ, ಬಾಳೆಲ್ಲ ತಲೆಬಗ್ಗಿಸಿ ನಡೆಯುತ್ತಾಳಲ್ಲ! ಮುಂದಿನ ವರ್ಷಕ್ಕೆ ತನ್ನ ಕೆಲಸ ಮುಂದುವರಿಸುವ ಕಾಗದಕ್ಕೂ ನಂಜುಂಡೇಶರ ಇದೇ ಕೈ ರುಜು ಹಾಕಬೇಕೆಂಬುದು ಬಿಂದುಶ್ರೀಗೆ ನೆನಪಾಯಿತು. ಆದರೂ ಅವಳು ದನಿ ತಗ್ಗಿಸಲಿಲ್ಲ.

“ದೇವ್ರು ಎರಡು ಸಲ ಕೊಟ್ಟ ಕಣವ್ವ. ನಾನೇ ನೋಡ್ದೆ. ಬ್ಯಾಡ ಅಂದೋರು ಇಲ್ಲೇ ಅವ್ರೆ, ಕುರ್ಚಿ ಮೇಲೆ.”

ನಂಜುಂಡೇಶ್ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ನಯನ ಒಳಗೆ ಬಂದು, ಮೇಜಿನ ಮುಂದೆ ನಿಂತು, ಅವರ ಮುಖವನ್ನೇ ನೋಡಿದಳು.