ಹುಳ ಹಣ್ಣಾದ ದಿನದ ಮೆಸೇಜು

ಡೈರಿಯ ಮುಂದೆ, ಹಾಲು ಸುರಿಯುವುದನ್ನು ಅರ್ಧಕ್ಕೇ ನಿಲ್ಲಿಸಿ ಆದಿಲಕ್ಷ್ಮಮ್ಮ ಪಕ್ಕದ ಮನೆ ಗಂಗುಲಮ್ಮನ ಮುಖಕ್ಕೇ ಫೋನು ಹಿಡಿದಳು.

"ನೋಡಮ್ಮ. ಸೋಮವಾರ ಬೆಳಗ್ಗೆ ಐದಕ್ಕೇ ಕಳಿಸಿದೀನಿ. 'ಹುಳ ಹಣ್ಣಾಗೈತೆ, ಮುಯ್ಯಾಳಿಗೆ ಬಾ.' ಕೆಳಗೇನೈತೆ? ಡೆಲಿವರ್ಡ್! ಮುಟ್ಟೈತೆ ಅಂತ ಫೋನೇ ಹೇಳ್ತೈತೆ, ನೀನು ಇಲ್ಲ ಅಂತೀಯ!"

"ಅಯ್ಯೋ ದೇವುಡಾ! ನನ್ನ ಫೋನೂ ನೋಡೇ. ಏನಾದ್ರೂ ಐತಾ?" ಗಂಗುಲಮ್ಮ ಗಾಜು ಬಿರುಕು ಬಿಟ್ಟ ಆಂಡ್ರಾಯ್ಡ್ ಮುಂದೊಡ್ಡಿದಳು.

"ಅಳಿಸಿರ್ತೀಯ."

ದಿಬ್ಬೂರಹಳ್ಳಿಯಲ್ಲಿ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳ ಯಾರಿಗೂ ಕಾಯುವುದಿಲ್ಲ. ಅದೇ ದಿನ ಆರಿಸಿ ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಬಿದ್ದಲ್ಲೇ ಗೂಡು ಕಟ್ಟುತ್ತದೆ. ಅದಕ್ಕೇ ಮುಯ್ಯಾಳು: ನಿನ್ನ ಹುಳಕ್ಕೆ ನಾನು, ನನ್ನ ಹುಳಕ್ಕೆ ನೀನು. ಹೋದ ಬೆಳೆಗೆ ಆದಿಲಕ್ಷ್ಮಮ್ಮ ಜ್ವರದಲ್ಲೂ ಹೋಗಿ ಗಂಗುಲಮ್ಮನ ಹುಳ ಆರಿಸಿದ್ದಳು. ಈ ಸಲ ತನ್ನದನ್ನು ಒಬ್ಬಳೇ ಆರಿಸಿದಳು. ಅರ್ಧ ಬೆಳೆ ಹಿಪ್ಪುನೇರಳೆ ಕಡ್ಡಿ, ಹಿಕ್ಕೆಗಳ ನಡುವೆಯೇ ಗೂಡಾಗಿ ಬೆಲೆ ಕಳೆದುಕೊಂಡಿತು. ಗಂಗುಲಮ್ಮನ ವಾಟ್ಸಾಪಿಗೆ ದಿನಕ್ಕೆ ಇನ್ನೂರು ಗುಡ್‌ಮಾರ್ನಿಂಗ್ ಗುಲಾಬಿಗಳು ಬರುತ್ತಿದ್ದವು. ಅವುಗಳಡಿ ಮುಳುಗದಿರಲಿ ಎಂದೇ ಆದಿಲಕ್ಷ್ಮಮ್ಮ ವಾಟ್ಸಾಪ್ ಬಿಟ್ಟು ನೇರ ಮೆಸೇಜು ಮಾಡಿದ್ದಳು.

ಜೊತೆಗೆ ಬಂದಿದ್ದ ಗಂಗುಲಮ್ಮನ ಸೊಸೆ ಸೌಜನ್ಯ ಬಗ್ಗಿ ನೋಡಿದಳು. "ನಿಮ್ದು ಐಫೋನಾ, ಆಂಟಿ?"

"ನಾದಿನಿ ಕೊಟ್ಟಿದ್ದು. ಯಾಕಮ್ಮ, ನಮಗೆ ಒಪ್ಪಲ್ವಾ?"

"ಅಲ್ಲ ಆಂಟಿ. ಅತ್ತೆನೂ ಎರಡು ತಿಂಗಳು ಐಫೋನ್ ಇಟ್ಕೊಂಡಿದ್ರು. ಬಳಸಕ್ಕೆ ಆಗಲಿಲ್ಲ ಅಂತ ಸಿಮ್ ತೆಗೆದು ಇದಕ್ಕೆ ಹಾಕಿದ್ವಿ, ಅದರಲ್ಲಿ ನಂಬರ್ ಆಫ್ ಮಾಡಲೇ ಇಲ್ಲ. ಐಫೋನಿಂದ ಐಫೋನಿಗೆ ಮೆಸೇಜು ಸಿಮ್ ಇಲ್ಲದಿದ್ರೂ ನೆಟ್‌ನಲ್ಲೇ ಹೋಗುತ್ತೆ. ನೀವು ಕಳಿಸಿದ್ದೆಲ್ಲ ಇನ್ನೂ ಅದಕ್ಕೇ ಹೋಗ್ತಿರಬೇಕು."

ಮೂವರೂ ಗಂಗುಲಮ್ಮನ ಮನೆಗೆ ಬಂದರು. ಆ ಫೋನು ದೇವರ ಕೋಣೆಯಲ್ಲಿತ್ತು. ವೈಫೈಯಲ್ಲಿ ದಿನಾ ಭಜನೆ ಹಾಡುತ್ತಿತ್ತು. ಅದರ ಮುಖ ನೋಡುವವರಿರಲಿಲ್ಲ. ಸೌಜನ್ಯ ಕುಂಕುಮ ಒರೆಸಿ ತೆರೆದಳು. ಆದಿಲಕ್ಷ್ಮಮ್ಮನ ಆರು ಮೆಸೇಜು. ಕೊನೆಯದನ್ನು ಓದುವಾಗ ಅವಳ ದನಿ ಇಳಿಯಿತು: "ನಿನಗೆ ನಾನೇನು ಮಾಡಿದ್ದೆ ಗಂಗಿ."



"ಈ ಫೋನು ಕಂಡುಹಿಡಿದೋನ ಕೈಗೆ ಒಂದು ತಟ್ಟೆ ಹಣ್ಣುಹುಳ ಕೊಟ್ಟು ಕೂರಿಸ್ಬೇಕು!" ಆದಿಲಕ್ಷ್ಮಮ್ಮ ಗುಡುಗಿದಳು. "ಮುಟ್ಟದೆ ಇದ್ರೆ ಮುಟ್ಟಲಿಲ್ಲ ಅನ್ನಕ್ಕೇನು ರೋಗ ಇದಕ್ಕೆ?"

"ಅದಿರಲಿ. ನಡುವೆ ಒಂದು ಗೋಡೆ ಕಣೇ. ಒಂದು ಕೂಗು ಹಾಕಕ್ಕೆ ನಿನಗೇನಾಗಿತ್ತು?" ಗಂಗುಲಮ್ಮ ಕೇಳಿದಳು.

"ಆರು ಸಲ ಕರೆದರೂ ಬರದೋಳನ್ನ ಏಳನೇ ಸಲ ಕೂಗ್ಬೇಕಿತ್ತಾ?"

ಆದಿಲಕ್ಷ್ಮಮ್ಮ ಸರಸರನೆ ತನ್ನ ಮನೆಗೆ ಬಂದು, ಹುಳದ ಮನೆಯಲ್ಲಿ ಕುಕ್ಕರಿಸಿ, ಕಡ್ಡಿಗಂಟಿದ ಕೊಳಕು ಗೂಡುಗಳನ್ನು ಕಿತ್ತು ಬುಟ್ಟಿಗೆ ಎಸೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಂದೆ ಬಳೆಯ ಸದ್ದಾಯಿತು. ಕರೆಯದೆ ಬಂದ ಗಂಗುಲಮ್ಮ ಸೆರಗು ಸಿಕ್ಕಿಸಿ ಎದುರಿನ ಸಾಲಿನಲ್ಲಿ ಕೂತು ಕೈ ಹಾಕಿದಳು.

ಆದಿಲಕ್ಷ್ಮಮ್ಮ ತಲೆ ಎತ್ತಲಿಲ್ಲ. ಕಾಲಿನಿಂದಲೇ ಬುಟ್ಟಿಯನ್ನು ಅತ್ತ ತಳ್ಳಿದಳು.