ಮೇ ಐದಕ್ಕೆ ಬನ್ನಿ

ನಮ್ಮ ಜೆಪಾರಾ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಮುರ್ನಿಯಾಸಿ ಬಹಳ ಒಳ್ಳೆಯವಳು ಅಂತಾರೆ. ಆ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳ. ಒಳ್ಳೆಯವಳಾಗಲು ಹೋಗಿಯೇ ನಾನು ಪಾಕ್ ಕಾಸ್ಮುರಿಯವರ ಹೆಸರು ಕೆಡಿಸಿದ್ದು.

ಪಾಕ್ ಅನ್ನುವುದು ನಮ್ಮಲ್ಲಿ ಗಂಡಸರಿಗೆ ಮರ್ಯಾದೆಯ ಮಾತು, ಹೆಂಗಸರಿಗಾದರೆ ಬು. ಪಾಕ್ ಕಾಸ್ಮುರಿ ನಮ್ಮ ಮೇಜು-ಕುರ್ಚಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಮೂವತ್ತನಾಲ್ಕು ವರ್ಷದ ಸರ್ವೀಸು. ತೇಗ ಕೆತ್ತುತ್ತಿದ್ದ ಕೈಯಲ್ಲೇ ಕಂಪ್ಯೂಟರ್ ಕಲಿತು, ಆಮೇಲೆ ನನಗೂ ಕಲಿಸಿದವರು. ಆಫೀಸಿನ ಕಂಪ್ಯೂಟರುಗಳ ಉಸ್ತುವಾರಿ ನನ್ನ ಕೈಗೆ ಬಂದದ್ದು ಅವರ ಕೃಪೆಯಿಂದಲೇ. ಅವರಿಗೆ ಏಪ್ರಿಲ್ ಮೂವತ್ತಕ್ಕೆ ನಿವೃತ್ತಿಯಿತ್ತು. ಜುಲೈಯಿಂದ ಕುದುಸ್ ಊರಿನ ತಾಂತ್ರಿಕ ಶಾಲೆಯಲ್ಲಿ ಹುಡುಗರಿಗೆ ನಕ್ಷೆ ಕಲಿಸುವ ಕೆಲಸ ಗೊತ್ತಾಗಿತ್ತು. ಮೇಷ್ಟ್ರಿಗೆ ಒಪ್ಪುವಂಥ ಎರಡು ಬಾಟಿಕ್ ಅಂಗಿ ಹೊಲಿಸಿಕೊಂಡು, ನನಗೆ ತಂದು ತೋರಿಸಿದ್ದರು ಕೂಡ.

ರಂಜಾನಿನ ಮೊದಲ ವಾರ ಆ ಕಾಗದ ಬಂತು. ನಕ್ಷೆಯ ಸಾಫ್ಟ್‌ವೇರ್ ಮಾರಿದ ಕಂಪನಿಯದು. ಮೂವತ್ತು ದಿನದೊಳಗೆ ಬಂದು, ನಮ್ಮ ಸಾಫ್ಟ್‌ವೇರ್ ನಿಮ್ಮ ಎಷ್ಟು ಕಂಪ್ಯೂಟರಲ್ಲಿದೆ ಅಂತ ಎಣಿಸುತ್ತೇವೆ ಅಂತ ಬರೆದಿದ್ದರು. ನಾವು ಲೈಸೆನ್ಸ್ ಕೊಂಡಿದ್ದು ನಾಲ್ಕಕ್ಕೆ. ಹಾಕಿಕೊಂಡಿದ್ದು ಮೂವತ್ತೊಂದಕ್ಕೆ. ಆರು ವರ್ಷದ ಹಿಂದೆ ನಮ್ಮ ಧಣಿ ಪಾಕ್ ಹೆಂದಾರ್ತೊ, ನಾನು ಪಕ್ಕದಲ್ಲಿ ನಿಂತಿರುವಾಗಲೇ, ನಾಲ್ಕು ಕೊಂಡರೆ ಸಾಕು, ಉಳಿದವಕ್ಕೂ ಹಾಕಿಬಿಡಿ ಅಂದಿದ್ದರು. ಕಾಸ್ಮುರಿ ತಲೆ ಕೆರೆದುಕೊಂಡರು, ಹಾಕಿದರು. ಬರೆದು ಕೊಡಿ ಅಂತ ಧಣಿಯನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ಅವರ ಮಾತಿಗೇ ಅವಮಾನ.

ದಿನ ಮುಂದಕ್ಕೆ ಹಾಕಿಸು ಅಂತ ಹೆಂದಾರ್ತೊ ನನಗೆ ಒಪ್ಪಿಸಿದರು. ಅಷ್ಟರೊಳಗೆ ಎಲ್ಲಾ ಅಳಿಸಿಬಿಡುವುದು ಅವರ ಲೆಕ್ಕ. ನನ್ನ ಲೆಕ್ಕವೇ ಬೇರೆ. ಮುದುಕರು ಮರ್ಯಾದೆಯಿಂದ ಮನೆಗೆ ಹೋಗಲಿ, ಎಣಿಸುವವರು ಆಮೇಲೆ ಬರಲಿ. ಕೊನೆಯ ತಿಂಗಳಲ್ಲಿ ಅವರನ್ನು ಪರರ ಮುಂದೆ ನಿಲ್ಲಿಸುವುದು ಯಾಕೆ? ಕಾಗದ ಬಂದ ಸುದ್ದಿಯನ್ನೂ ಅವರಿಗೆ ಹೇಳಲಿಲ್ಲ. ಹಿರಿಯರ ನಿದ್ದೆ ಕೆಡಿಸಬಾರದಲ್ಲ.

ಎಣಿಸಲು ಬರುವವರು ಜಕಾರ್ತಾದ ಪಾಕ್ ಮನುರುಂಗ್, ಬೇರೆ ದ್ವೀಪದಿಂದ ಬಂದ ಬಟಾಕ್ ಜನ. ನಾವು ಜಾವಾದವರು "ಇಲ್ಲ" ಅನ್ನುವುದಕ್ಕೂ ಮೂರು ಸಲ ಟೀ ಕುಡಿಸುತ್ತೇವೆ. ಬಟಾಕರು ಬಾಗಿಲಲ್ಲೇ ಹೇಳಿ ಮುಗಿಸುತ್ತಾರೆ. ಫೋನಿನಲ್ಲಿ ಮೊದಲು ಉಪವಾಸದ ತಿಂಗಳು ಅಂದೆ. ನನಗೇನು ಊಟ ಹಾಕಬೇಡಿ ಅಂದರು. ನೀವು ಹೇಳಿದ ವಾರ ಸರಿಯಾಗಿ ಉಪವಾಸ ಮುಗಿಯುವ ಲೆಬಾರಾನ್ ಹಬ್ಬ, ಕಾರ್ಖಾನೆಗೆ ಬೀಗ, ಆಳುಗಳೆಲ್ಲ ಊರಿಗೆ ಹೋಗಿರುತ್ತಾರೆ ಅಂದೆ. ಅದಕ್ಕೆ ಒಪ್ಪಿ ಏಪ್ರಿಲ್ ಹದಿನಾಲ್ಕು ಅಂದರು. ತಿಂಗಳ ಕೊನೆಯವರೆಗೂ ಹಡಗಿಗೆ ಮಾಲು ತುಂಬುವ ಕೆಲಸ ಅಂದೆ. ಅವರು ನಕ್ಕುಬಿಟ್ಟರು.

"ಮೀನ ಮೇಷ ಎಣಿಸ್ತಿದೀರಲ್ಲ ತಾಯಿ. ನಿಜ ಹೇಳಿ, ಅದನ್ನ ಹಾಕಿದೋರು ಯಾರು?"

ಒಬ್ಬರು ಹಿರಿಯರು, ಏಪ್ರಿಲ್ ಮೂವತ್ತಕ್ಕೆ ನಿವೃತ್ತಿ ಆಗ್ತಾರೆ ಅಂತ ಬಾಯಿಬಿಟ್ಟೆ.

"ಹಂಗಾದ್ರೆ ನಾನು ಮುಂಚೇನೇ ಬರೋದು ಒಳ್ಳೇದು. ಅವರು ಕುರ್ಚೀಲಿ ಇದ್ರೆ ಯಾರು ಹಾಕಿಸಿದ್ರು ಅಂತ ಅವರೇ ಹೇಳ್ತಾರೆ. ಎದ್ದು ಹೋದೋರ ಪರವಾಗಿ ಯಾರು ಮಾತಾಡ್ತಾರೆ?"

"ನಾನಿದ್ದೀನಲ್ಲ ಪಾಕ್," ಅಂದೆ.

ಆ ಕಡೆ ದಿನಚರಿಯ ಹಾಳೆ ಮಗುಚುವ ಸದ್ದಾಯಿತು. ಆಮೇಲೆ, ಸರಿ, ನಿಮ್ಮ ಮಾತಿನ ಮೇಲೆ ಮೇ ಐದಕ್ಕೆ ಬರುತ್ತೇನೆ, ಆದರೆ ಇವತ್ತಿನಿಂದ ಒಂದು ಕಂಪ್ಯೂಟರಿಂದಲೂ ಏನೂ ಅಳಿಸುವುದಿಲ್ಲ ಅಂತ ಸಹಿ ಹಾಕಿ ಕಳಿಸಿ ಅಂದರು. ಹೆಂದಾರ್ತೊ ಹಲ್ಲು ಕಡಿದುಕೊಂಡು ಸಹಿ ಹಾಕಿದರು. ನಾನಂತೂ ಏನೋ ಗೆದ್ದವಳ ಹಾಗೆ ಆ ಸಂಜೆ ಉಪವಾಸ ಬಿಡಲು ಮನೆಗೆ ಹೋದೆ.

ಏಪ್ರಿಲ್ ಮೂವತ್ತಕ್ಕೆ, ಬೀಳ್ಕೊಡುಗೆಗೆ ಅಂತ, ಹಳದಿ ಅನ್ನದ ಗೋಪುರ ಮಾಡಿಸಿದೆವು. ಹೆಂದಾರ್ತೊ ಅದರ ತುದಿ ಕತ್ತರಿಸಿ ಕಾಸ್ಮುರಿಯವರ ಕೈಗಿಟ್ಟು, ಇಂಥ ನಂಬಿಗಸ್ತರು ಸಿಗೋದಿಲ್ಲ ಅಂತ ಭಾಷಣ ಮಾಡಿದರು. ಮುದುಕರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಮೇ ಐದಕ್ಕೆ ಮನುರುಂಗ್ ಬಂದರು, ಎಣಿಸಿದರು. ಮೂವತ್ತೊಂದು. ಯಾರು ಹಾಕಿದ್ದು ಅಂತ ಕೇಳಿದರು. ಹೆಂದಾರ್ತೊ ರೆಪ್ಪೆ ಕೂಡ ಬಡಿಯಲಿಲ್ಲ. ಹಳೇ ಮನುಷ್ಯ, ತಾನಾಗಿ ಹಾಕಿಬಿಟ್ಟಿದ್ದಾನೆ, ನಮಗೆ ಸುದ್ದಿಯೇ ಇಲ್ಲ, ಈಗ ಬಿಟ್ಟೂ ಹೋಗಿದ್ದಾನೆ ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಆ ಎಮ್ಮೆ ಕೊಟ್ಟಿಗೆಯಲ್ಲೇ ಇಲ್ಲ!

ಮನುರುಂಗ್ ನನ್ನ ಕಡೆ ತಿರುಗಿದರು.

"ಬು ಮುರ್ನಿ, ಹಾಕಿ ಅಂತ ಅವರಿಗೆ ಯಾರಾದ್ರೂ ಹೇಳಿದ್ರಾ?"

ಹೆಂದಾರ್ತೊ ನನ್ನನ್ನು ನೋಡಲೂ ಇಲ್ಲ. ಕರಿದ ಬಾಳೆಹಣ್ಣಿನ ತಟ್ಟೆಯನ್ನು ಮೆಲ್ಲಗೆ ನನ್ನ ಮುಂದಕ್ಕೆ ಸರಿಸಿದರು. ನನಗೆ ನಲವತ್ತಾರು. ಈ ಊರಲ್ಲಿ ಅವರನ್ನು ಎದುರು ಹಾಕಿಕೊಂಡರೆ ನನಗೆ ಇನ್ಯಾರು ಕೆಲಸ ಕೊಡುತ್ತಾರೆ? ನೆಪ ಅಂತೀರಾ, ಅನ್ನಿ.

"ಗೊತ್ತಿಲ್ಲ ಪಾಕ್," ಅಂದೆ.

ಮನುರುಂಗ್ ಅದನ್ನು ಹಾಗೇ ಬರೆದುಕೊಂಡರು. ತಪ್ಪು ಕಾಸ್ಮುರಿಯವರದು ಅಂತ ಅವರ ಹೆಸರು ಸಮೇತ ನಮ್ಮ ಕಂಪನಿ ಹೇಳಿಕೆ ಬರೆದುಕೊಟ್ಟಿತು. ಆ ಸಾಫ್ಟ್‌ವೇರ್ ಕಂಪನಿಯೇ ಕುದುಸಿನ ಶಾಲೆಗೂ ಪುಕ್ಕಟೆಯಾಗಿ ಅದೇ ಸಾಫ್ಟ್‌ವೇರ್ ಕೊಡುವುದು. ಹೆಸರು ಅಲ್ಲಿಗೂ ಮುಟ್ಟಿತು. ಜುಲೈಯಲ್ಲಿ ಹೆಡ್‌ಮಾಸ್ಟರು ಕಾಸ್ಮುರಿಯವರನ್ನು ಕೂರಿಸಿ, ಟೀ ಕೊಟ್ಟು, ಸದ್ಯಕ್ಕೆ ಜಾಗ ಖಾಲಿ ಇಲ್ಲ ಅಂದರಂತೆ. ಬಾಟಿಕ್ ಅಂಗಿಗಳು ಪೆಟ್ಟಿಗೆಯಲ್ಲೇ ಉಳಿದವು.

ವರ್ಷವಿಡೀ ನಾನು ಅವರ ಬೀದಿಗೆ ಹೋಗಲಿಲ್ಲ. ಆದರೆ ಲೆಬಾರಾನ್ ಬಂತಲ್ಲ, ಹಿರಿಯರ ಮನೆಗೆ ಹೋಗದೆ ಇರುವ ಹಾಗಿಲ್ಲ. ಬಿಸ್ಕತ್ತಿನ ಡಬ್ಬಿ ಹಿಡಿದು ಹೋದೆ. ಹಬ್ಬದ ದಿನ ಕಿರಿಯರು ಮಂಡಿಯೂರಿ, ಹಿರಿಯರ ಕೈ ಹಿಡಿದು, ಹೊರಗಿನ ತಪ್ಪು ಒಳಗಿನ ತಪ್ಪು ಎಲ್ಲಾ ಕ್ಷಮಿಸಿ ಅನ್ನಬೇಕು. ನನ್ನದನ್ನೂ ನೀನು ಕ್ಷಮಿಸು ಅಂತ ಹಿರಿಯರು ಅನ್ನಬೇಕು. ಯಾವ ತಪ್ಪು ಅಂತ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ವರ್ಷದ ಕೊಳೆಯೆಲ್ಲ ಒಂದೇ ಮುಳುಗಿಗೆ ಹೋಗುತ್ತದೆ. ಆ ಧೈರ್ಯದ ಮೇಲೇ ನಾನು ಹೋಗಿದ್ದು.

ಮಂಡಿಯೂರಿ, ಕೈ ಹಿಡಿದು, ಅನ್ನಬೇಕಾದ್ದನ್ನು ಅಂದೆ. ಅವರು ತಿರುಗಿ ಅನ್ನಲಿಲ್ಲ.

"ಯಾವ ತಪ್ಪು?" ಅಂತ ಕೇಳಿದರು.

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಹೆಂಡತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊಸ ಬಟ್ಟೆ ಹಾಕಿಕೊಂಡ ಮೊಮ್ಮಕ್ಕಳು ನೋಡುತ್ತಿದ್ದವು.

"ಎಲ್ಲಾ ತಪ್ಪೂ, ಪಾಕ್."

"ಎಲ್ಲಾ ಅನ್ನೋದು ಸುಲಭ. ಒಂದು ಹೇಳು."

ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಮಾತು ಹೊರಡಲಿಲ್ಲ. ಎಷ್ಟು ಹೊತ್ತು ಕಾದರೋ, ಆಮೇಲೆ ತಮ್ಮ ಕೈ ಬಿಡಿಸಿಕೊಂಡರು. ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಆ ಮನುರುಂಗ್ ಇಲ್ಲಿಗೆ ಬಂದಿದ್ರು. ಎಲ್ಲಾ ಹೇಳಿದ್ರು," ಅಂದರು. "ಅವಸರ ಇಲ್ಲ ಮಗಳೇ, ಮುಂದಿನ ಹಬ್ಬಕ್ಕೆ ಬಾ. ದಿನ ಮುಂದಕ್ಕೆ ಹಾಕೋದ್ರಲ್ಲಿ ನಿಂದು ಎತ್ತಿದ ಕೈಯಲ್ವಾ."

ಅವರ ಹೆಂಡತಿ ನನ್ನ ಮುಂದೆ ತಟ್ಟೆ ಇಟ್ಟು ಕೋಳಿ ಸಾರು ಬಡಿಸಿದರು. ಬಡಿಸಿದ್ದನ್ನು ಬೇಡ ಅನ್ನಬಾರದು. ಅಷ್ಟನ್ನೂ ತಿಂದು ಎದ್ದೆ.