ಮಗಳಿಗೆ ಅರ್ಧ

ಟೈಲರಮ್ಮನ ಕಿವಿ ಹೊಲಿಗೆಯಂತ್ರದ ಸದ್ದಿನಲ್ಲಿ ಪಳಗಿದ ಕಿವಿ. ಯಂತ್ರ ಗಡಗಡ ಓಡುತ್ತಿರುವಾಗಲೂ ಬಾಗಿಲಾಚೆ ನಿಂತ ಗಿರಾಕಿ ತುಟಿಯೊಳಗೇ ಗೊಣಗಿದ್ದು ಅವಳಿಗೆ ಕೇಳಿಸುತ್ತಿತ್ತು. ಇನ್ನು ಆಸ್ಪತ್ರೆಯ ಆ ಉದ್ದನೆಯ ಕಾರಿಡಾರಿನಲ್ಲಿ ಯಂತ್ರವೂ ಇಲ್ಲ, ಗದ್ದಲವೂ ಇಲ್ಲ. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಬರುತ್ತಿದ್ದವಳಿಗೆ, ನರ್ಸು ಕೆಳಗಿನ ರಕ್ತನಿಧಿಯವರ ಜೊತೆ ಫೋನಿನಲ್ಲಿ ಆಡಿದ ಮಾತು ಸೂಜಿಯ ಹಾಗೆ ನೆಟ್ಟಗೆ ಬಂದು ಚುಚ್ಚಿತು.

"ಹ್ಞೂಂ, ಸಾಕುಮಗಳಿಗೆ ಅರ್ಧ. ಇನ್ನರ್ಧ ಬ್ಯಾಂಡ್ ತಾತನಿಗೆ."

ಕಾಲು ಅಲ್ಲೇ ನಿಂತಿತು. ಯಾರು ಹೇಳಿದರು ಇವರಿಗೆ?

ಗಿಣಿ ಅವಳು ಹೆತ್ತ ಮಗಳಲ್ಲ. ತಂಗಿಯ ಮಗಳು. ತಂಗಿ ತೀರಿಕೊಂಡಾಗ ಕೈಗೂಸು; ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಮಲಗಿಸಿಕೊಂಡು, ಕಾಲಲ್ಲಿ ಯಂತ್ರ ತುಳಿಯುತ್ತ, ಬಾಯಲ್ಲಿ ಲಾಲಿ ಹೇಳುತ್ತ ಬೆಳೆಸಿದ್ದಳು. ಈಗ ಆ ಕೂಸಿಗೆ ಹತ್ತೊಂಬತ್ತು ತುಂಬಿತ್ತು. ಅರಳು ಹುರಿದಂತೆ ಮಾತಾಡುತ್ತಿದ್ದುದರಿಂದ ಗಿಣಿ ಎಂಬ ಹೆಸರೇ ಗಟ್ಟಿಯಾಗಿ ನಿಂತಿತ್ತು. ತಾನು ಯಾರ ಹೊಟ್ಟೆಯಲ್ಲಿ ಹುಟ್ಟಿದವಳು ಎಂಬುದು ಅವಳಿಗೂ ಗೊತ್ತು, ಬೀದಿಗೂ ಗೊತ್ತು. ಆದರೆ ಆಸ್ಪತ್ರೆಗೆ ಸೇರಿಸಿದ ದಿನ ಕಿಟಕಿಯಾಚೆಯ ಗುಮಾಸ್ತ "ನೀವು ಏನಾಗಬೇಕು?" ಎಂದು ಕೇಳಿದಾಗ ಟೈಲರಮ್ಮ "ತಾಯಿ" ಅಂದುಬಿಟ್ಟಿದ್ದಳು. ದೇವರಿಗೆ ಕೈಮುಗಿಯದೆ ಯಂತ್ರಕ್ಕೆ ಕಾಲಿಡದ ಹೆಂಗಸಾದರೂ, ಆ ಮಾತು ಸುಳ್ಳೆಂದು ಆ ಕ್ಷಣ ಅವಳಿಗೆ ಅನ್ನಿಸಿರಲೇ ಇಲ್ಲ. ಗಿಣಿಯೂ ಪಕ್ಕದಲ್ಲಿ ಕಣ್ಣು ಮಿಟುಕಿಸದೆ ನಿಂತಿದ್ದಳು.

ಗಿಣಿಗೆ ರಕ್ತದ ಕ್ಯಾನ್ಸರು. ಕೆಟ್ಟದ್ದನ್ನು ಕೊಲ್ಲಲು ಕೊಟ್ಟ ಔಷಧ ಒಳ್ಳೆಯದನ್ನೂ ಗುಡಿಸಿಕೊಂಡು ಹೋಗಿತ್ತು. ಮೂಳೆಯೊಳಗಿನ ಮಜ್ಜೆ ಈಗ ಬೀಗ ಹಾಕಿದ ಕಾರ್ಖಾನೆ, ಮತ್ತೆ ಯಾವಾಗ ತೆರೆಯುತ್ತದೋ ಕಾದು ನೋಡಬೇಕು ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಪ್ಲೇಟ್‌ಲೆಟ್ ಹೊರಗಿನಿಂದ ಬರಬೇಕು. ರಕ್ತನಾಳ ಎಲ್ಲಾದರೂ ಬಿರಿದರೆ ಓಡಿಹೋಗಿ ಮುಚ್ಚುವ ಕಣಗಳು ಅವು. ಆರೋಗ್ಯವಂತರಲ್ಲಿ ಒಂದೂವರೆ ಲಕ್ಷದ ಮೇಲೆಯೇ ಇರುತ್ತವಂತೆ. ಗಿಣಿಯಲ್ಲಿ ಎಂಟು ಸಾವಿರಕ್ಕೆ ಇಳಿದಿದ್ದವು. ಹತ್ತು ಸಾವಿರಕ್ಕಿಂತ ಕೆಳಗೆ ಹೋದರೆ ವಸಡಲ್ಲಿ, ಮೂಗಲ್ಲಿ ರಕ್ತ ಒಸರಬಹುದು, ತಲೆಯೊಳಗೂ ಒಸರಬಹುದು. ಈ ಕೊನೆಯದನ್ನು ಡಾಕ್ಟರು ಮೆಲ್ಲಗೆ ಹೇಳಿದ್ದರು, ಟೈಲರಮ್ಮನಿಗೆ ಅದೇ ಜೋರಾಗಿ ಕೇಳಿಸಿತ್ತು.

ಈ ಪ್ಲೇಟ್‌ಲೆಟ್ ಚೀಲಕ್ಕಾಗಿ ಅವಳು ದಾನಿಯನ್ನು ಹುಡುಕಿದ್ದು ಸುಮ್ಮನೆ ಅಲ್ಲ. ಸಿಕ್ಕಿದ್ದು ಗುಂಡಿ ಸಾಹುಕಾರ. ಅಂಗಡಿ ಅಂಗಡಿಗೆ ಅಂಗಿಗುಂಡಿ ಮಾರುವ ಆಳು, ಸೂಜಿ ಕಂಡರೆ ಮಾರು ದೂರ ಓಡುವವನು. ಅಂಥವನು ಆ ದಿನ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತು, ತನ್ನ ರಕ್ತ ಯಂತ್ರದೊಳಗೆ ಹೋಗಿ ಪ್ಲೇಟ್‌ಲೆಟ್ ಬಿಟ್ಟು ವಾಪಸ್ಸು ಬರುವವರೆಗೂ ಅಲುಗದೆ ಇದ್ದ. ಏಳುವಾಗ ಹೇಳಿದ್ದ, "ಎಷ್ಟು ಏರಿತು ಅಂತ ಹೇಳ್ಬೇಕು ಟೈಲರಮ್ಮ. ಪರೀಕ್ಷೆ ಬರೆದವನಿಗೆ ಅಂಕ ಗೊತ್ತಾಗಬೇಕಲ್ಲ."

ಅಂಥವನು ಕೊಟ್ಟದ್ದರಲ್ಲಿ ಅರ್ಧ. ಯಾಕೆಂದರೆ ಸಾಕುಮಗಳು.

ಮಧ್ಯಾಹ್ನ ಚೀಲ ಬಂತು. ತಿಳಿಹಳದಿ ಬಣ್ಣ, ಗಾಳಿ ಹೋದ ದಿಂಬಿನ ಹಾಗೆ ಸಪ್ಪಗೆ ಜೋಲುತ್ತಿತ್ತು. ಅಂಥದ್ದೇ ಇನ್ನೊಂದು ಎದುರು ಕೋಣೆಯ ಬ್ಯಾಂಡ್ ತಾತನ ಮಂಚದ ಮೇಲೆ. ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುತ್ತ ಆಯಸ್ಸು ಕಳೆದ ಮನುಷ್ಯ. ಈಗ ಊದಬೇಡಿ, ಮುಕ್ಕರಿಸಬೇಡಿ, ರಕ್ತ ಒಸರೀತು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರಿಂದ ಹೊದಿಕೆಯ ಮೇಲೆ ಬೆರಳಾಡಿಸುತ್ತ ಇಡೀ ದಿನ ಸದ್ದಿಲ್ಲದೆ ನುಡಿಸುತ್ತಿದ್ದ. ಟೈಲರಮ್ಮನಿಗೆ ಅವನ ಮೇಲೆ ಕನಿಕರವಿತ್ತು, ನಿನ್ನೆಯವರೆಗೆ. ಇವತ್ತು ಅವನ ಚೀಲದಿಂದ ಹನಿ ಇಳಿಯುವಾಗ ತನ್ನ ಮನೆಯ ನಲ್ಲಿಯ ನೀರು ಪಕ್ಕದವರ ಕೊಡಕ್ಕೆ ಬೀಳುತ್ತಿರುವಂತೆ ಸಂಕಟವಾಯಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಸಂಕಟ ಹೋಗಲಿಲ್ಲ.

"ಯಾಕಮ್ಮ ಚೀಲವನ್ನೇ ಹಾಗೆ ನೋಡ್ತಿದ್ದೀಯ?" ಗಿಣಿ ಮಲಗಿದಲ್ಲಿಂದಲೇ ಕೇಳಿದಳು. "ರವಿಕೆಗೆ ಅಳತೆ ತಗೊಳ್ತಿರೋ ಹಾಗಿದೆ."

"ಸುಮ್ನೆ ಮಲ್ಕೋ."

"ಮಲ್ಕೊಂಡೇ ಇದ್ದೀನಲ್ಲ. ಇದಕ್ಕಿಂತ ಜಾಸ್ತಿ ಮಲ್ಕೊಳ್ಳೋದು ಹೇಗೆ ಅಂತ ಹೇಳ್ಕೊಡು."

ಮರುದಿನ ಬೆಳಗ್ಗೆ ಎಣಿಕೆ ಬಂತು. ಹತ್ತೊಂಬತ್ತು ಸಾವಿರ. ಒಂದು ಚೀಲಕ್ಕೆ ಮೂವತ್ತು ಸಾವಿರ ಏರಿತು, ನಲವತ್ತು ಏರಿತು ಎಂದು ಬೇರೆಯವರು ಹೇಳಿಕೊಳ್ಳುವುದನ್ನು ಅವಳು ಕೇಳಿದ್ದಳು. ಇಲ್ಲಿ ಏರಿದ್ದು ಹನ್ನೊಂದು. ಅನುಮಾನಕ್ಕೆ ಮೊಹರು ಬಿದ್ದಂತಾಯಿತು. ಅಷ್ಟರಲ್ಲೇ ಗುಂಡಿ ಸಾಹುಕಾರನ ಫೋನು.

"ಎಷ್ಟಾಯ್ತು?"

"ಏರಿದೆ ಕಣಪ್ಪ."

"ಎಷ್ಟು ಅಂತ ಹೇಳಿ."

"ಹತ್ತೊಂಬತ್ತು."

ಆ ಕಡೆಯವನು ಇಳಿದ ದನಿಯಲ್ಲಿ, "ಅಷ್ಟೇನಾ? ನಂದೇ ತೆಳ್ಳಗಿತ್ತೇನೋ ಟೈಲರಮ್ಮ. ಹಿಂದಿನ ದಿನ ಸರಿಯಾಗಿ ಊಟ ಮಾಡಿರಲಿಲ್ಲ, ಹೆದರಿಕೆ ನೋಡಿ. ಇನ್ನೂ ಚೆನ್ನಾಗಿರೋರನ್ನ ಕರ್ಕೊಂಡು ಹೋಗ್ಬೇಕಿತ್ತು ನೀವು" ಎಂದ.

ತನಗಾದ ಅವಮಾನವನ್ನು ಅವಳು ನುಂಗಿಕೊಂಡಾಳು. ಆದರೆ ಆ ಪಾಪದವನು ತನ್ನ ರಕ್ತವನ್ನೇ ಹಳಿದುಕೊಂಡದ್ದು ನುಂಗಲಾಗಲಿಲ್ಲ. ಸೆರಗು ಬಿಗಿಮಾಡಿಕೊಂಡು ನೇರ ನರ್ಸಿನ ಮೇಜಿನ ಮುಂದೆ ಹೋಗಿ ನಿಂತಳು.

"ಸಿಸ್ಟರ್, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಹೆತ್ತ ಮಗಳಾಗಿದ್ರೆ ಪೂರ್ತಿ ಚೀಲ ಕೊಡ್ತಿದ್ರಾ?"

ನರ್ಸು ತಲೆಯೆತ್ತಿದಳು. "ಏನಂದ್ರಿ?"

"ಸಾಕುಮಗಳು ಅಂತ ಗೊತ್ತಾದ ಮೇಲೆ ತಾನೆ ಅರ್ಧ ಮಾಡಿದ್ದು. ನಾನೇ ಕೇಳಿಸ್ಕೊಂಡೆ, ನೀವು ಫೋನಲ್ಲಿ ಹೇಳಿದ್ದು. ತಾಯಿ ಅಂತ ಹೇಳಿದ್ದು ನನ್ನ ತಪ್ಪು. ನನ್ನನ್ನ ಹೊರಗೆ ಕೂರಿಸ್ತೀರಾ, ಕೂರಿಸಿ. ಅವಳಿಗೆ ಮಾತ್ರ ಕಡಿಮೆ ಮಾಡ್ಬೇಡಿ."

"ಯಾರು ಸಾಕುಮಗಳು?" ನರ್ಸಿನ ಮುಖದಲ್ಲಿ ನಿಜವಾಗಿಯೂ ಏನೂ ತಿಳಿಯದವರ ಬೆರಗಿತ್ತು. "ನಾನು ಯಾವಾಗ..." ಎಂದವಳು ಥಟ್ಟನೆ ನಿಲ್ಲಿಸಿದಳು. ತನ್ನ ಮಾತನ್ನೇ ಮನಸ್ಸಿನೊಳಗೆ ಹಿಂದಕ್ಕೆ ಓಡಿಸಿ ಕೇಳಿಸಿಕೊಂಡಂತೆ ತೋರಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಯ್ಯೋ ಟೈಲರಮ್ಮ. ಕೆಳಗಿನವರು ಕೇಳಿದ್ರು, ಒಂದೇ ಚೀಲ ಇದೆ, ಇಬ್ಬರಿಗೂ ಅರ್ಧರ್ಧ ಮಾಡಿದ್ರೆ ಸಾಕಾ ಅಂತ. ನಾನಂದೆ, ಹ್ಞೂಂ, ಸಾಕು. ಆಮೇಲೆ ಅಂದೆ, ಮಗಳಿಗೆ ಅರ್ಧ, ಇನ್ನರ್ಧ ತಾತನಿಗೆ ಅಂತ."

"ಮಗಳಿಗೆ ಅಂತ ಯಾಕಂದ್ರಿ?"

"ಇನ್ನೇನನ್ಲಿ? ಬೆಳಗಾದ್ರೆ 'ಮಗಳೇ ಏಳು', 'ಮಗಳೇ ನೀರು ಕುಡಿ', 'ಮಗಳೇ ಹುಷಾರು'. ನೀವು ಕರೆದೂ ಕರೆದೂ ಈ ಮಹಡಿಯಲ್ಲಿ ಎಲ್ಲರಿಗೂ ಅವಳು ಮಗಳೇ. ಡಾಕ್ಟರು ಕೂಡ 'ಮಗಳ ರಿಪೋರ್ಟ್ ಬಂತಾ' ಅಂತಲೇ ಕೇಳೋದು."

ಟೈಲರಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಅವಳ ಅಪ್ಪ ದಿನಾ ಸಂಜೆ ಪದ್ಯ ಓದುತ್ತಿದ್ದ. ಉಸಿರನ್ನು ತಪ್ಪು ಜಾಗದಲ್ಲಿ ಎಳೆದರೆ ದೇವರನ್ನು ಹೊಗಳುವ ಸಾಲೇ ಬೈಗುಳವಾಗಿಬಿಡುತ್ತದೆ ಎಂದು ಮಕ್ಕಳನ್ನು ನಗಿಸುತ್ತಿದ್ದ. ಎರಡು ಪದಗಳ ನಡುವೆ ಒಂದು ಉಸಿರಿನಷ್ಟು ಜಾಗ. ಅದನ್ನು ನರ್ಸು ಅವಸರದಲ್ಲಿ ನುಂಗಿದ್ದಳು; ಅಥವಾ ನುಂಗಿರಲಿಲ್ಲ, ತನ್ನ ಭಯವೇ ಅಲ್ಲಿ ಕುಕ್ಕರುಗಾಲಲ್ಲಿ ಕೂತಿತ್ತು.

"ಹಾಗಾದ್ರೆ ಈಗ ನಾನೇ ಹೇಳ್ದಂಗಾಯ್ತು" ಎಂದಳು ಮೆಲ್ಲಗೆ.

"ಏನು ಹೇಳಿದ್ರಿ? ನನಗೇನೂ ಕೇಳಿಸಲಿಲ್ಲ" ಎಂದಳು ನರ್ಸು. "ನಾನು ರಕ್ತನಿಧಿಗೆ ಹೋಗ್ತಿದ್ದೀನಿ, ಬನ್ನಿ ಜೊತೆಗೆ. ಅರ್ಧ ಯಾಕೆ ಅಂತಲೂ ಹೇಳ್ತೀನಿ."

ಮೆಟ್ಟಿಲಿಳಿಯುತ್ತ ನರ್ಸು ವಿವರಿಸಿದಳು. ಪೂರ್ತಿ ಚೀಲ ಕೊಟ್ಟಿದ್ದರೆ ಎಣಿಕೆ ಇನ್ನೂ ಏರುತ್ತಿತ್ತು, ಅದು ನಿಜ. ಇನ್ನೂ ಒಂದೆರಡು ದಿನ ಹೆಚ್ಚಿಗೆ ನಿಲ್ಲುತ್ತಿತ್ತು, ಅದೂ ನಿಜ. "ಆದ್ರೆ ನಾವು ಕೊಡೋದು ಅಂಕ ಏರಲಿ ಅಂತಲ್ಲ, ರಕ್ತ ಸೋರದೆ ಇರಲಿ ಅಂತ. ಒಂದಷ್ಟು ಜನರಿಗೆ ಕಮ್ಮಿ, ಒಂದಷ್ಟು ಜನರಿಗೆ ಜಾಸ್ತಿ ಕೊಟ್ಟು ನೋಡಿದ್ದಾರೆ. ಜಾಸ್ತಿ ತಗೊಂಡವರ ಎಣಿಕೆ ಜಾಸ್ತಿ ಏರಿತು. ಸೋರಿದ್ದು ಮಾತ್ರ ಎರಡೂ ಕಡೆ ಒಂದೇ ಥರ. ಕಮ್ಮಿ ತಗೊಂಡವರಿಗೆ ಮತ್ತೆ ಬೇಗ ಏರಿಸಬೇಕಾಗತ್ತೆ, ಅಷ್ಟೇ. ಮಗಳು ಬೇರೆ ಕಡ್ಡಿ ಹಾಗಿದ್ದಾಳೆ, ಆ ಮೈಗೆ ಅರ್ಧವೇ ಸಾಕು."

"ಅಕಸ್ಮಾತ್ ಸೋರೋಕೆ ಶುರುವಾದ್ರೆ?"

"ಆಗ ಲೆಕ್ಕವೇ ಬೇರೆ. ಅರ್ಧ ಗಿರ್ಧ ಅಂತ ಕೂರಲ್ಲ ಯಾರೂ."

ಟೈಲರಮ್ಮ ಅಂಗೈ ಬಿಡಿಸಿ ನೋಡಿಕೊಂಡಳು. "ಅಂಗೈಯಗಲ ಹರಿದಿದ್ರೆ ಅಂಗೈಯಗಲ ತೇಪೆ. ಇಡೀ ಥಾನು ಬಟ್ಟೆ ಬೇಡ" ಎಂದಳು.

"ಅಷ್ಟೇ. ಥಾನಿನಲ್ಲಿ ಉಳಿದದ್ದು ಇನ್ನೊಬ್ಬರಿಗೆ."

ರಕ್ತನಿಧಿಯ ಗಾಜಿನಾಚೆ ಒಂದು ಕಪಾಟಿತ್ತು. ಅದರೊಳಗೆ ತಟ್ಟೆಗಳು ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತಿದ್ದವು. ತಟ್ಟೆಗಳ ಮೇಲೆ ಹಳದಿ ಚೀಲಗಳು. ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಳ್ಳದಿರಲಿ ಎಂದು ಹೀಗೆ ಹಗಲೂ ರಾತ್ರಿ ತೂಗಬೇಕಂತೆ. ಅಷ್ಟಾದರೂ ಐದಾರು ದಿನಕ್ಕಿಂತ ಉಳಿಯುವುದಿಲ್ಲವಂತೆ. ಆರು ತಟ್ಟೆಗಳಲ್ಲಿ ನಾಲ್ಕು ಖಾಲಿ ತೂಗುತ್ತಿದ್ದವು. ಟೈಲರಮ್ಮ ಆ ಖಾಲಿ ತಟ್ಟೆಗಳನ್ನೇ ನೋಡುತ್ತ ನಿಂತಳು. ಯಾರ್ಯಾರ ಮಕ್ಕಳಿಗೋ ಬರಬೇಕಾದವು. ಗೊತ್ತಿಲ್ಲದೆಯೇ ಕೈ ಮುಗಿದಿತ್ತು.

ಮೇಲೆ ಬಂದಾಗ ಗಿಣಿ ಮುಖದ ತುಂಬ ನಗು ಬಿಗಿಹಿಡಿದು ಕೂತಿದ್ದಳು. ನರ್ಸಿನ ಮೇಜಿಗೂ ಅವಳ ಬಾಗಿಲಿಗೂ ನಡುವೆ ಮೂರು ಮಾರು ದೂರವಿಲ್ಲ.

"ಎಲ್ಲ ಕೇಳಿಸ್ತು" ಎಂದಳು.

"ಕೇಳಿಸ್ಕೊಂಡ್ರೆ ಕೇಳಿಸ್ಕೋ."

"ಇಷ್ಟು ದಿನ ಅದನ್ನೇ ಹೊಟ್ಟೆಯಲ್ಲಿಟ್ಕೊಂಡು ಓಡಾಡ್ತಿದ್ದೆಯಾ? ಇವಳು ಹೆತ್ತಿಲ್ಲ ಅಂತ ಗೊತ್ತಾದ್ರೆ ಅರ್ಧ ತಾಯಿ ಅಂದ್ಕೊಳ್ತಾರೆ ಅಂತ?"

ಟೈಲರಮ್ಮ ಹೊದಿಕೆಯ ಮಡಿಕೆ ಸರಿಮಾಡಿದಳು. ಸರಿಯಾಗಿಯೇ ಇದ್ದ ಮಡಿಕೆ.

"ಲೆಕ್ಕ ಬರಲ್ಲ ನಿಂಗೆ" ಎಂದಳು ಗಿಣಿ. "ಅಮ್ಮನ ಅಕ್ಕ ಏನಾಗಬೇಕು ನಂಗೆ?"

"ದೊಡ್ಡಮ್ಮ."

"ನೋಡು. ಅಮ್ಮನಿಗಿಂತ ದೊಡ್ಡದು. ಕಮ್ಮಿ ಅಂದ್ರೂ ಒಂದೂವರೆ ಅಮ್ಮ. ಅರ್ಧ ಎಲ್ಲಿಂದ ಬಂತು?"

ಟೈಲರಮ್ಮ ತಲೆ ತಗ್ಗಿಸಿ ಮಡಿಕೆಯ ಮೇಲೆ ಮತ್ತೊಮ್ಮೆ ಕೈಯಾಡಿಸಿದಳು. ಅವಳ ಭುಜ ಅಲುಗುತ್ತಿದ್ದುದು ನಗುವಿಗೋ ಅಳುವಿಗೋ ಗಿಣಿ ಕೇಳಲಿಲ್ಲ. ಎದುರು ಕೋಣೆಯಿಂದ ತಾತ ಕೂಗಿ ಹೇಳಿದ, "ಏ ಮಗಳೇ, ನಾವಿಬ್ಬರೂ ಒಂದೇ ಚೀಲದ ಅಣ್ಣತಂಗಿ. ಆ ಚೀಲ ಕೊಟ್ಟ ಪುಣ್ಯಾತ್ಮ ಯಾರಮ್ಮ? ಇಲ್ಲಿಂದ ಎದ್ದ ಮೇಲೆ ಅವನ ಮನೆ ಮುಂದೆ ಪುಕ್ಕಟೆ ಊದ್ತೀನಿ ಅಂತ ಹೇಳಿ."

ಅದನ್ನು ಫೋನಿನಲ್ಲಿ ಕೇಳಿದ ಗುಂಡಿ ಸಾಹುಕಾರನ ದನಿ ಮತ್ತೆ ಮೇಲೇರಿತು. "ಅಂದ್ರೆ ಇಬ್ಬರಿಗಾ? ಮೊದಲೇ ಹೇಳಬಾರದಾ. ಸುಮ್ನೆ ಎರಡು ಹೊತ್ತು ಬೇಯಿಸಿದ ತರಕಾರಿ ತಿಂದೆ, ರಕ್ತ ಗಟ್ಟಿಯಾಗಲಿ ಅಂತ."

ನರ್ಸು ಹೇಳಿದಂತೆಯೇ ಎಣಿಕೆ ಬೇಗ ಇಳಿಯಿತು. ಮತ್ತೆ ಅರ್ಧ ಚೀಲ, ಮತ್ತೆ ಒಂದಿಷ್ಟು ಏರಿಕೆ, ಮತ್ತೆ ಇಳಿತ. ತಿಳಿದುಕೊಂಡದ್ದು ಬೇರೆ, ನಂಬಿಕೊಂಡಿರುವುದು ಬೇರೆ. ಬೆಳಗಾದರೆ ಟೈಲರಮ್ಮ ಮೊದಲು ನೋಡುತ್ತಿದ್ದುದು ರಕ್ತದ ಕಲೆ ಬಿದ್ದಿದೆಯೇ ಎಂದು ದಿಂಬಿನ ಗವಸನ್ನು, ಆಮೇಲೆ ಮಗಳ ಮುಖವನ್ನು. ಒಂದು ದಿನ ಬಾಯಿ ಮುಕ್ಕಳಿಸಿದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನರ್ಸು ಡಾಕ್ಟರನ್ನು ಕರೆಯಲು ಹೋದಳು. ಟೈಲರಮ್ಮ ಬೇಸಿನ್ ಹಿಡಿದುಕೊಂಡು, ಅಪ್ಪನ ಪದ್ಯವೊಂದನ್ನು ತುಟಿಯೊಳಗೇ ಹೇಳತೊಡಗಿದಳು. ಎಲ್ಲೂ ಅವಸರಪಡದೆ, ಉಸಿರು ನಿಲ್ಲಬೇಕಾದಲ್ಲಿ ನಿಲ್ಲಿಸಿ. ಎರಡನೆಯ ಸಲ ಮುಗಿಯುವ ಹೊತ್ತಿಗೆ ಗಿಣಿ ಉಗುಳಿದ ನೀರು ಬರೀ ನೀರಾಗಿತ್ತು. ಡಾಕ್ಟರು ಬಂದು, ವಸಡಿಗೆ ಟಾರ್ಚು ಹಾಕಿ ನೋಡಿ, "ನಿಂತಿದೆ. ಇದ್ದಷ್ಟು ಪ್ಲೇಟ್‌ಲೆಟ್ಟೇ ಕೆಲಸ ಮಾಡ್ತಿದೆ" ಎಂದರು.

ಆಮೇಲೊಂದು ಬೆಳಗ್ಗೆ ನರ್ಸು ಬಾಗಿಲಲ್ಲೇ ನಿಂತು, "ಇವತ್ತು ಚೀಲ ಇಲ್ಲ ಟೈಲರಮ್ಮ" ಎಂದಳು.

"ಅರ್ಧವೂ ಸಿಗಲಿಲ್ವಾ?"

"ಸಿಗದೆ ಅಲ್ಲ. ಬೇಡ. ಮೂರು ದಿನದಿಂದ ಏನೂ ಏರಿಸಿಲ್ಲ ಅಲ್ವಾ? ಇಳೀಬೇಕಿತ್ತು. ಇವತ್ತು ಇಪ್ಪತ್ತೆಂಟಾಗಿದೆ."

"ಹಾಗಾದ್ರೆ ಇದು ಯಾರು ಕೊಟ್ಟದ್ದು?"

"ಯಾರೂ ಅಲ್ಲ. ಅವಳದ್ದೇ. ಕಾರ್ಖಾನೆ ಬಾಗಿಲು ತೆಗೀತು."

ಗಿಣಿ ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಆ ಕೈಗಳು ಈಗಷ್ಟೇ ಮನೆಗೆ ಬಂದವೇನೋ ಎಂಬಂತೆ ತಿರುಗಿಸಿ ನೋಡಿಕೊಂಡಳು. ಗಾಯವಾದೀತೆಂದು ಇಷ್ಟು ವಾರ ಕತ್ತರಿ ತಾಗಿಸದ ಉಗುರುಗಳು ಹದ್ದಿನ ಉಗುರಿನಂತೆ ಬೆಳೆದಿದ್ದವು. ಎಣಿಕೆ ಐವತ್ತು ಸಾವಿರ ದಾಟಿದ ದಿನ ಡಾಕ್ಟರು ಕತ್ತರಿಸಲು ಒಪ್ಪಿಗೆ ಕೊಟ್ಟರು.

ಟೈಲರಮ್ಮ ಮಂಚದ ಅಂಚಿನಲ್ಲಿ ಕೂತು ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಜರಿಯಂಚಿನ ರೇಷ್ಮೆಯನ್ನೂ ಕಣ್ಣುಮುಚ್ಚಿ ಕತ್ತರಿಸುವ ಕೈ, ಮೊದಲ ಉಗುರಿನ ಅಂಚಿನಲ್ಲೇ ಕತ್ತರಿ ಹಿಡಿದು ನಿಂತುಬಿಟ್ಟಿತು.

"ಕತ್ತರಿಸು ಅಮ್ಮ" ಎಂದಳು ಗಿಣಿ. "ಸ್ವಲ್ಪ ತಾಗಿದ್ರೂ ಪರವಾಗಿಲ್ಲ. ಈಗ ರಕ್ತ ತಾನಾಗೇ ನಿಲ್ಲತ್ತೆ."